ಒಂದೇ ಹಾರ್ಡ್‌ಡಿಸ್ಕ್‌ಗೆ ನಾಲ್ಕು ಡ್ರೈವ್ ಮಾಡಿದ್ರೆ ಫೋಟೋಶಾಪ್ ಫಾಸ್ಟ್ ಆಗುತ್ತಾ? ಸ್ಟುಡಿಯೋದವರು ತಿಳಿಯಬೇಕಾದ ಪಾರ್ಟಿಷನ್ ಲೆಕ್ಕ

ಹಾವೇರಿ: ಮದುವೆ ಸೀಸನ್ ಬಂತು ಅಂದ್ರೆ ಜಿಲ್ಲೆಯ ಫೋಟೋ ಸ್ಟುಡಿಯೋಗಳಲ್ಲಿ ರಾತ್ರಿ ಹನ್ನೆರಡಾದ್ರೂ ಲೈಟ್ ಆರಲ್ಲ. ಬೆಳಗ್ಗೆ ಕಲ್ಯಾಣ ಮಂಟಪದಲ್ಲಿ ಶೂಟಿಂಗ್, ಸಂಜೆ ರಿಸೆಪ್ಷನ್, ರಾತ್ರಿ ಕಂಪ್ಯೂಟರ್ ಮುಂದೆ ಆಲ್ಬಂ ಡಿಸೈನ್. ಅಂಥ ಹೊತ್ತಲ್ಲಿ ಫೋಟೋಶಾಪ್ 'ನಾಟ್ ರೆಸ್ಪಾಂಡಿಂಗ್' ಅಂತ ನಿಂತುಬಿಟ್ಟರೆ, ಇಲ್ಲವೇ 'ಸ್ಕ್ರ್ಯಾಚ್ ಡಿಸ್ಕ್ಸ್ ಆರ್ ಫುಲ್' ಅನ್ನೋ ಮೆಸೇಜ್ ಬಂದರೆ ತಲೆ ಕೆಡುತ್ತದೆ. ಆಗ ಎಲ್ಲರ ಬಾಯಲ್ಲೂ ಬರುವ ಸಲಹೆ ಒಂದೇ: ಹಾರ್ಡ್‌ಡಿಸ್ಕ್ ಪಾರ್ಟಿಷನ್ ಮಾಡ್ಸಿಬಿಡ್ರಿ, ಫಾಸ್ಟ್ ಆಗ್ತೈತಿ.

ಈ ಸಲಹೆ ಪೂರ್ತಿ ಸುಳ್ಳಲ್ಲ, ಆದರೆ ನಂಬಿ ಕೂರುವಷ್ಟು ನಿಜವೂ ಅಲ್ಲ. ಪಾರ್ಟಿಷನ್‌ನಿಂದ ಫೈಲ್‌ಗಳು ಅಚ್ಚುಕಟ್ಟಾಗುತ್ತವೆ, ಕಂಪ್ಯೂಟರ್ ವೇಗ ಹೆಚ್ಚಾಗುವುದಿಲ್ಲ. ಕೆಲಸವನ್ನು ಬೇರೆ ಬೇರೆ ಡಿಸ್ಕ್‌ಗಳಿಗೆ ಹಂಚಿದಾಗ ಮಾತ್ರ ವೇಗ ಸಿಗುತ್ತದೆ. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಡಿ ಡ್ರೈವ್‌ನಲ್ಲಿರೋ ಮದುವೆ ಫೋಟೋಗಳನ್ನು ಅದೇ ಡಿಸ್ಕ್‌ನ ಇ ಡ್ರೈವ್‌ಗೂ ಕಾಪಿ ಮಾಡಿ 'ಬ್ಯಾಕಪ್ ಆಯ್ತು' ಅಂತ ನಿಶ್ಚಿಂತೆಯಿಂದ ಇರುವವರಿದ್ದಾರೆ. ಅದು ಬ್ಯಾಕಪ್ ಅಲ್ಲವೇ ಅಲ್ಲ. ಯಾಕೆ ಅನ್ನೋದನ್ನ ಒಂದೊಂದಾಗಿ ನೋಡೋಣ.

ಪಾರ್ಟಿಷನ್ ಅಂದ್ರೆ ಏನು?

ಕಂಪ್ಯೂಟರ್ ತೆರೆದರೆ ಸಿ, ಡಿ, ಇ ಅಂತ ಡ್ರೈವ್‌ಗಳು ಕಾಣುತ್ತವೆ. ಒಳಗೆ ಮೂರು ಡಿಸ್ಕ್ ಇವೆ ಅಂತ ಅದರ ಅರ್ಥ ಅಲ್ಲ. ಒಂದೇ ಡಿಸ್ಕ್‌ನಲ್ಲಿ ಇಲ್ಲಿಂದ ಇಲ್ಲಿಯವರೆಗೆ ಸಿ, ಅಲ್ಲಿಂದ ಮುಂದೆ ಡಿ ಅಂತ ಗಡಿ ಬರೆದಿಟ್ಟಿರುತ್ತಾರೆ. ಒಂದೇ ಹೊಲಕ್ಕೆ ಬದು ಹಾಕಿ ಮೂರು ತುಂಡು ಮಾಡಿದ ಹಾಗೆ. ಬದು ಹಾಕಿದ ಮಾತ್ರಕ್ಕೆ ಹೊಲ ದೊಡ್ಡದಾಗಲ್ಲ, ಎತ್ತುಗಳ ಜೋಡಿಯೂ ಹೆಚ್ಚಾಗಲ್ಲ.

ನಿಮ್ಮ ಸಿಸ್ಟಂನಲ್ಲಿ ನಿಜವಾಗಿ ಎಷ್ಟು ಡಿಸ್ಕ್ ಇವೆ ಅಂತ ನೋಡೋದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ. 'ಡಿಸ್ಕ್ 0' ಅನ್ನೋದರ ಪಕ್ಕದಲ್ಲೇ ಸಿ, ಡಿ, ಇ ಮೂರೂ ಅಕ್ಷರ ಇದ್ದರೆ ಮೂರೂ ಒಂದೇ ಡಿಸ್ಕ್‌ನವು ಅಂತ ತಿಳಿಯಿರಿ. 'ಡಿಸ್ಕ್ 1' ಅಂತ ಇನ್ನೊಂದು ಸಾಲು ಇದ್ದರೆ ಮಾತ್ರ ಎರಡನೇ ಡಿಸ್ಕ್ ಇದೆ ಅಂತ. ಈಗಿನ ವಿಂಡೋಸ್‌ಗಳಲ್ಲಿ ಅದು ಹಾರ್ಡ್‌ಡಿಸ್ಕೋ ಎಸ್‌ಎಸ್‌ಡಿಯೋ ಅನ್ನೋದನ್ನೂ ಅಲ್ಲೇ ತೋರಿಸುತ್ತದೆ.

ಮೂರು ಗೋದಾಮು, ಒಬ್ಬನೇ ಹಮಾಲ

ಹಾರ್ಡ್‌ಡಿಸ್ಕ್ ಒಳಗೆ ತಟ್ಟೆಗಳು ತಿರುಗುತ್ತಿರುತ್ತವೆ. ಅವುಗಳ ಮೇಲೆ ಒಂದು ಸಣ್ಣ ತೋಳು ಹಿಂದಕ್ಕೂ ಮುಂದಕ್ಕೂ ಓಡಾಡಿ ಡೇಟಾ ಓದುತ್ತದೆ, ಬರೆಯುತ್ತದೆ. ತಟ್ಟೆ ಎಷ್ಟೇ ಇರಲಿ, ತುದಿಯಲ್ಲಿ ಹೆಡ್ ಎಷ್ಟೇ ಇರಲಿ, ಸಾಮಾನ್ಯ ಹಾರ್ಡ್‌ಡಿಸ್ಕ್‌ನಲ್ಲಿ ಎಲ್ಲ ಹೆಡ್‌ಗಳೂ ಒಟ್ಟಿಗೇ ಸರಿಯುತ್ತವೆ. ಒಂದು ಹೆಡ್ ಸಿ ಡ್ರೈವ್ ಜಾಗದಲ್ಲಿ, ಇನ್ನೊಂದು ಇ ಡ್ರೈವ್ ಜಾಗದಲ್ಲಿ ಏಕಕಾಲಕ್ಕೆ ಕೆಲಸ ಮಾಡೋಕೆ ಆಗಲ್ಲ.

ಬ್ಯಾಡಗಿ ಮಾರುಕಟ್ಟೆಯ ಉದಾಹರಣೆ ತಗೊಳ್ಳಿ. ಮೆಣಸಿನಕಾಯಿ ಚೀಲ ಇಡೋಕೆ ಒಂದು ದೊಡ್ಡ ಗೋದಾಮಿತ್ತು, ಒಬ್ಬ ಹಮಾಲ ಇದ್ದ. ಮಾಲೀಕರು ಅದಕ್ಕೆ ಗೋಡೆ ಕಟ್ಟಿಸಿ ಮೂರು ಗೋದಾಮು ಮಾಡಿದರು. ಹಮಾಲ ಮಾತ್ರ ಅವನೊಬ್ಬನೇ. ಕೆಲಸ ಬೇಗ ಆಗುತ್ತಾ? ಆಗಲ್ಲ. ಈ ಚೀಲ ಮೊದಲ ಗೋದಾಮಿನಿಂದ, ಮುಂದಿನದು ಮೂರನೇ ಗೋದಾಮಿನಿಂದ ತರಬೇಕಾದರೆ ಅವನ ಓಡಾಟವೇ ಜಾಸ್ತಿ ಆಗುತ್ತದೆ. ಹಾರ್ಡ್‌ಡಿಸ್ಕ್ ಪಾರ್ಟಿಷನ್‌ನಲ್ಲಿ ಆಗೋದೂ ಇದೇ.

ಲೆಕ್ಕ ಹಾಕಿ ನೋಡಿ. ಡೆಸ್ಕ್‌ಟಾಪ್‌ನ ಸಾಮಾನ್ಯ ಹಾರ್ಡ್‌ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದ್ರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ಸುಮಾರು 4.2 ಮಿಲಿಸೆಕೆಂಡ್. ಅದಕ್ಕೂ ಮೊದಲು ತೋಳು ಆ ಜಾಗಕ್ಕೆ ಸರಿಯಬೇಕು, ಅದಕ್ಕೆ ಎಂಟೊಂಬತ್ತು ಮಿಲಿಸೆಕೆಂಡ್. ಒಟ್ಟು 12ರಿಂದ 13 ಮಿಲಿಸೆಕೆಂಡ್. ಅಲ್ಲಿಗೆ ಬೇರೆ ಬೇರೆ ಕಡೆ ಚದುರಿರುವ ತುಣುಕುಗಳನ್ನು ಸೆಕೆಂಡಿಗೆ ಎಂಬತ್ತರ ಆಸುಪಾಸಿನಷ್ಟು ಮಾತ್ರ ಹುಡುಕೋಕೆ ಸಾಧ್ಯ.

ಈಗ ಒಂದೇ ಹಾರ್ಡ್‌ಡಿಸ್ಕ್‌ನ ಸಿ ಯಲ್ಲಿ ವಿಂಡೋಸ್, ಡಿ ಯಲ್ಲಿ ಫೋಟೋ, ಇ ಯಲ್ಲಿ ಫೋಟೋಶಾಪ್ ಸ್ಕ್ರ್ಯಾಚ್ ಇಟ್ಟಿದ್ದೀರಿ ಅನ್ನಿ. ಮೂರೂ ಕೆಲಸ ಒಟ್ಟಿಗೆ ನಡೆಯುವಾಗ ಹೆಡ್ ಡಿಸ್ಕ್‌ನ ಈ ತುದಿಯಿಂದ ಆ ತುದಿಗೆ ಓಡುತ್ತಲೇ ಇರಬೇಕು. ಫಾಸ್ಟ್ ಮಾಡೋಕೆ ಹೋಗಿ ಸ್ಲೋ ಮಾಡಿಕೊಂಡಂತೆ ಆಗುತ್ತದೆ.

ಹಾಗಾದ್ರೆ ಈ ಸಲಹೆ ಹುಟ್ಟಿದ್ದು ಎಲ್ಲಿಂದ?

ಇದಕ್ಕೂ ಒಂದು ಕಾರಣ ಇದೆ. ತಿರುಗುವ ತಟ್ಟೆಯ ಹೊರಗಿನ ಸುತ್ತು ದೊಡ್ಡದು, ಒಳಗಿನ ಸುತ್ತು ಚಿಕ್ಕದು. ತಿರುಗೋ ವೇಗ ಎರಡಕ್ಕೂ ಒಂದೇ ಆದ್ದರಿಂದ ಹೊರ ಸುತ್ತಿನಲ್ಲಿ ಒಂದು ಸಲ ತಿರುಗಿದಾಗ ಹೆಚ್ಚು ಡೇಟಾ ಓದಬಹುದು. ಒಂದೇ ಡಿಸ್ಕ್‌ನಲ್ಲಿ ಹೊರಗಿನ ಭಾಗಕ್ಕೆ ಹೋಲಿಸಿದರೆ ಒಳಗಿನ ಭಾಗದ ವೇಗ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಮೊದಲು ಮಾಡಿದ ಪಾರ್ಟಿಷನ್ ಸಾಮಾನ್ಯವಾಗಿ ಹೊರ ಸುತ್ತಿನಲ್ಲೇ ಬರುತ್ತದೆ.

ಎಸ್‌ಎಸ್‌ಡಿ ಇಲ್ಲದ ಕಾಲದಲ್ಲಿ ಡಿಸ್ಕ್‌ನ ಮೊದಲ ಭಾಗದಲ್ಲಿ ಚಿಕ್ಕ ಪಾರ್ಟಿಷನ್ ಮಾಡಿ ಮುಖ್ಯ ಕೆಲಸ ಅಲ್ಲೇ ಇಟ್ಟುಕೊಳ್ಳುತ್ತಿದ್ದರು. ಹೆಡ್ ದೂರ ಓಡಬೇಕಿರಲಿಲ್ಲ, ಓದುವ ವೇಗವೂ ಸ್ವಲ್ಪ ಹೆಚ್ಚಿತ್ತು. ಆ ಕಾಲಕ್ಕೆ ಅದು ಸರಿ. ಆದರೆ ಉಳಿದ ಪಾರ್ಟಿಷನ್‌ಗಳನ್ನು ಅದೇ ಹೊತ್ತಿಗೆ ಬಳಸಿದರೆ ಆ ಲಾಭವೂ ಕೈಬಿಡುತ್ತಿತ್ತು. ಕಾರಣ ಮರೆತುಹೋಗಿ ಸಲಹೆಯೊಂದೇ ಬಾಯಿಂದ ಬಾಯಿಗೆ ಉಳಿದುಕೊಂಡಿದೆ.

ಎಸ್‌ಎಸ್‌ಡಿಯಲ್ಲಿ ಪಾರ್ಟಿಷನ್ ಮಾಡಿದರೆ?

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಚಿಪ್‌ಗಳಲ್ಲೇ ಡೇಟಾ ಇರುತ್ತದೆ. ಹೊರಗೆ, ಒಳಗೆ ಅನ್ನೋ ಮಾತೇ ಬರಲ್ಲ. ನೀವು ಸಿ, ಡಿ ಅಂತ ಎಷ್ಟೇ ಗೆರೆ ಎಳೆದರೂ ಒಳಗಿನ ಕಂಟ್ರೋಲರ್ ಡೇಟಾವನ್ನು ತನಗೆ ಅನುಕೂಲ ಆಗುವ ಚಿಪ್‌ಗಳಿಗೆ ಹಂಚುತ್ತದೆ. ಹಾಗಾಗಿ ಎಸ್‌ಎಸ್‌ಡಿಯನ್ನು ತುಂಡು ಮಾಡಿದರೆ ವೇಗ ಹೆಚ್ಚೂ ಆಗಲ್ಲ, ಕಡಿಮೆಯೂ ಆಗಲ್ಲ.

ವೇಗದ ವ್ಯತ್ಯಾಸ ಇರೋದು ಡಿಸ್ಕ್‌ನ ಜಾತಿಯಲ್ಲಿ. ಒಳ್ಳೆಯ ಹಾರ್ಡ್‌ಡಿಸ್ಕ್ ದೊಡ್ಡ ಫೈಲ್ ಓದುವಾಗ ಸೆಕೆಂಡಿಗೆ 150ರಿಂದ 200 ಎಂಬಿ ಕೊಡಬಹುದು. ಸಾಟಾ ಕೇಬಲ್‌ನ ಎಸ್‌ಎಸ್‌ಡಿ ಸುಮಾರು 550 ಎಂಬಿ. ಮದರ್‌ಬೋರ್ಡ್‌ಗೆ ನೇರವಾಗಿ ಕೂರುವ ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ ಮೂರನೇ ಪೀಳಿಗೆಯವು 3,500 ಎಂಬಿವರೆಗೂ, ನಾಲ್ಕನೇ ಪೀಳಿಗೆಯವು 7,000 ಎಂಬಿವರೆಗೂ ಹೋಗುತ್ತವೆ. ಚದುರಿದ ಸಣ್ಣ ತುಣುಕುಗಳನ್ನು ಓದುವ ವಿಷಯದಲ್ಲಂತೂ ಹಾರ್ಡ್‌ಡಿಸ್ಕ್ ಎಂಬತ್ತು ಅಂದರೆ ಎಸ್‌ಎಸ್‌ಡಿ ಸಾವಿರಗಳ ಲೆಕ್ಕದಲ್ಲಿ ಓದುತ್ತದೆ. ಹಳೇ ಸಿಸ್ಟಂಗೆ ಒಂದು ಸಾಟಾ ಎಸ್‌ಎಸ್‌ಡಿ ಹಾಕಿದರೂ ಹೊಸ ಸಿಸ್ಟಂ ತಂದಂತೆ ಅನ್ನಿಸೋದು ಇದಕ್ಕೇ.

ಒಂದು ಎಚ್ಚರ: ಎಸ್‌ಎಸ್‌ಡಿಯನ್ನು ಅಂಚಿನವರೆಗೆ ತುಂಬಿಸಬೇಡಿ. ಪೂರ್ತಿ ತುಂಬಿದರೆ ಬರೆಯುವ ವೇಗ ಇಳಿಯುತ್ತದೆ. ನೂರರಲ್ಲಿ ಹದಿನೈದು ಇಪ್ಪತ್ತು ಭಾಗ ಖಾಲಿ ಇಟ್ಟರೆ ಒಳ್ಳೆಯದು.

ಫೋಟೋಶಾಪ್‌ಗೆ ಡಿಸ್ಕ್ ಯಾಕೆ ಬೇಕು?

ಫೈಲ್ ತೆರೆದಾಗ, ಸೇವ್ ಮಾಡುವಾಗ ಮಾತ್ರ ಡಿಸ್ಕ್ ಬೇಕು ಅಂತ ಅನೇಕರು ತಿಳಿದಿದ್ದಾರೆ. ಫೋಟೋಶಾಪ್ ವಿಷಯದಲ್ಲಿ ಹಾಗಿಲ್ಲ. ರ್‍ಯಾಮ್ ಸಾಲದೇ ಹೋದಾಗ ಅದು ಡಿಸ್ಕ್‌ನಲ್ಲೇ ಒಂದಿಷ್ಟು ಜಾಗ ಹಿಡಿದು ಕೆಲಸ ಮಾಡುತ್ತದೆ. ಅದನ್ನೇ ಸ್ಕ್ರ್ಯಾಚ್ ಡಿಸ್ಕ್ ಅನ್ನುತ್ತಾರೆ.

ನಮ್ಮ ಕಡೆ ಮದುವೆ ಆಲ್ಬಂನಲ್ಲಿ 12×36 ಇಂಚಿನ ಶೀಟ್ ಹೆಚ್ಚು ನಡೆಯುತ್ತದೆ. ಇದನ್ನು 300 ಡಿಪಿಐನಲ್ಲಿ ತೆರೆದರೆ 3,600 ಗುಣಿಸು 10,800, ಅಂದ್ರೆ ಸುಮಾರು 3.89 ಕೋಟಿ ಪಿಕ್ಸೆಲ್. ಎಂಟು ಬಿಟ್ ಬಣ್ಣದಲ್ಲಿ ಒಂದು ಪಿಕ್ಸೆಲ್‌ಗೆ ಮೂರು ಬೈಟ್. ಶೀಟ್ ತುಂಬ ಹರಡಿದ ಒಂದೇ ಒಂದು ಲೇಯರ್‌ಗೆ 111 ಎಂಬಿ ಬೇಕು. ಹದಿನಾರು ಬಿಟ್‌ನಲ್ಲಿ ಮಾಡಿದರೆ ಅದರ ಎರಡರಷ್ಟು. ಅಂಥ ಇಪ್ಪತ್ತು ಲೇಯರ್ ಆದರೆ ಎಂಟು ಬಿಟ್‌ನಲ್ಲೇ 2.2 ಜಿಬಿ. ಇದರ ಮೇಲೆ ಹಿಂದಕ್ಕೆ ಹೋಗೋಕೆ ಅನುಕೂಲ ಆಗಲಿ ಅಂತ ಫೋಟೋಶಾಪ್ 50 ಹೆಜ್ಜೆಗಳ ಹಿಸ್ಟರಿಯನ್ನೂ ಇಟ್ಟುಕೊಂಡಿರುತ್ತದೆ. ನಾಲ್ಕು ಶೀಟ್ ಒಟ್ಟಿಗೆ ತೆರೆದಿಟ್ಟರೆ 8 ಜಿಬಿ ರ್‍ಯಾಮ್ ಎಲ್ಲಿ ಸಾಕಾಗುತ್ತದೆ?

ನಿಮ್ಮ ಸಿಸ್ಟಂನಲ್ಲಿ ತೊಂದರೆ ಇರೋದು ಇಲ್ಲೇನಾ ಅಂತ ತಿಳಿಯೋಕೆ ಒಂದು ದಾರಿ ಇದೆ. ಫೋಟೋಶಾಪ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಫೈಲ್ ಸೈಜ್ ತೋರಿಸುವ ಕಡೆ ಬಾಣದ ಗುರುತಿದೆ. ಅದನ್ನು ಒತ್ತಿ 'ಎಫಿಶಿಯೆನ್ಸಿ' ಆರಿಸಿಕೊಳ್ಳಿ. ಅದು 100 ತೋರಿಸುತ್ತಿದ್ದರೆ ಎಲ್ಲ ಕೆಲಸ ರ್‍ಯಾಮ್‌ನಲ್ಲೇ ಆಗುತ್ತಿದೆ ಅಂತ. ಕೆಲಸ ಮಾಡುತ್ತಾ ಅದು 90, 80 ಅಂತ ಇಳಿಯುತ್ತಿದ್ದರೆ ಫೋಟೋಶಾಪ್ ಸ್ಕ್ರ್ಯಾಚ್ ಡಿಸ್ಕ್‌ಗೆ ಹೋಗುತ್ತಿದೆ ಅಂತ ಅರ್ಥ. ಆಗ ಮೊದಲ ಮದ್ದು ರ್‍ಯಾಮ್, ಎರಡನೇದು ವೇಗದ ಸ್ಕ್ರ್ಯಾಚ್ ಡಿಸ್ಕ್. ಅಡೋಬಿ ಕಂಪನಿಯೇ 16 ಜಿಬಿ ಅಥವಾ ಅದಕ್ಕಿಂತ ಹೆಚ್ಚು ರ್‍ಯಾಮ್ ಇರಲಿ ಅನ್ನುತ್ತದೆ.

ಪಾರ್ಟಿಷನ್‌ನಿಂದಲೇ ಬರುವ ರೋಗ

'ಸ್ಕ್ರ್ಯಾಚ್ ಡಿಸ್ಕ್ಸ್ ಆರ್ ಫುಲ್' ಮೆಸೇಜ್‌ಗೆ ಎಷ್ಟೋ ಕಡೆ ಪಾರ್ಟಿಷನ್ನೇ ಕಾರಣ. ಅಸೆಂಬಲ್ ಮಾಡುವಾಗ ಸಿ ಡ್ರೈವ್‌ಗೆ 80 ಅಥವಾ 100 ಜಿಬಿ ಕೊಟ್ಟು ಉಳಿದದ್ದನ್ನು ಡಿ, ಇ ಗೆ ಹಂಚಿರುತ್ತಾರೆ. ವಿಂಡೋಸ್ ಅಪ್‌ಡೇಟ್, ಸಾಫ್ಟ್‌ವೇರ್, ವಾಟ್ಸ್‌ಆ್ಯಪ್‌ನಿಂದ ಇಳಿದ ಫೈಲ್, ಡೆಸ್ಕ್‌ಟಾಪ್ ಮೇಲಿನ ಫೋಲ್ಡರ್ ಎಲ್ಲ ಸೇರಿ ಸಿ ತುಂಬಿ ಕೆಂಪಾಗುತ್ತದೆ. ಫೋಟೋಶಾಪ್ ತಾನಾಗಿಯೇ ಆರಿಸಿಕೊಳ್ಳೋದು ವಿಂಡೋಸ್ ಇರುವ ಡ್ರೈವನ್ನೇ. ಪಕ್ಕದ ಡಿ ಯಲ್ಲಿ 400 ಜಿಬಿ ಖಾಲಿ ಇದ್ದರೂ ಅದಕ್ಕೆ ಗೊತ್ತಾಗಲ್ಲ.

ಇದಕ್ಕೆ ಫಾರ್ಮ್ಯಾಟ್ ಬೇಡ. ಫೋಟೋಶಾಪ್‌ನಲ್ಲಿ ಎಡಿಟ್ ಮೆನು, ಅದರಲ್ಲಿ ಪ್ರಿಫರೆನ್ಸಸ್, ಅದರಲ್ಲಿ ಸ್ಕ್ರ್ಯಾಚ್ ಡಿಸ್ಕ್ಸ್‌ಗೆ ಹೋಗಿ. ಖಾಲಿ ಜಾಗ ಹೆಚ್ಚಿರುವ ಡ್ರೈವ್‌ಗೆ ಟಿಕ್ ಹಾಕಿ ಫೋಟೋಶಾಪ್ ಮುಚ್ಚಿ ಮತ್ತೆ ತೆರೆಯಿರಿ. ಡಿಸ್ಕ್ ಫುಲ್ ಆಗಿ ಫೋಟೋಶಾಪ್ ತೆರೆಯುತ್ತಲೇ ಇಲ್ಲ ಅಂದ್ರೆ, ಅದು ಶುರುವಾಗುವಾಗ ಕಂಟ್ರೋಲ್ ಮತ್ತು ಆಲ್ಟ್ ಕೀ ಒಟ್ಟಿಗೆ ಹಿಡಿದಿಡಿ. ಸ್ಕ್ರ್ಯಾಚ್ ಡಿಸ್ಕ್ ಬದಲಿಸುವ ಕಿಟಕಿ ಮೊದಲೇ ತೆರೆದುಕೊಳ್ಳುತ್ತದೆ.

ಲೈಟ್‌ರೂಮ್ ಬಳಸುವವರಿಗೆ

ಲೈಟ್‌ರೂಮ್ ಕ್ಲಾಸಿಕ್ ನಿಮ್ಮ ರಾ ಫೈಲ್‌ಗಳನ್ನು ಮುಟ್ಟಲ್ಲ. ಬಣ್ಣ, ಬೆಳಕು, ಕ್ರಾಪ್ ಏನೇ ಮಾಡಿದರೂ ಆ ಲೆಕ್ಕವನ್ನೆಲ್ಲ 'ಕ್ಯಾಟಲಾಗ್' ಅನ್ನೋ ಫೈಲ್‌ನಲ್ಲಿ ಬರೆದಿಡುತ್ತದೆ. ಪಕ್ಕದಲ್ಲೇ ಪ್ರಿವ್ಯೂ ಫೋಲ್ಡರ್ ಇರುತ್ತದೆ. ಒಂದು ಫೋಟೋದಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಇವೆರಡನ್ನೂ ಸಣ್ಣ ಸಣ್ಣ ತುಣುಕುಗಳಲ್ಲಿ ಓದಬೇಕು. ಹಾರ್ಡ್‌ಡಿಸ್ಕ್‌ಗೆ ಕಷ್ಟ ಆಗೋದು ಇಂಥ ಕೆಲಸವೇ. ಆದ್ದರಿಂದ ಎಸ್‌ಎಸ್‌ಡಿ ಚಿಕ್ಕದಿದ್ದರೂ ಪರವಾಗಿಲ್ಲ, ಕ್ಯಾಟಲಾಗ್, ಪ್ರಿವ್ಯೂ ಮತ್ತು ಕ್ಯಾಮೆರಾ ರಾ ಕ್ಯಾಶೆ ಅದರಲ್ಲೇ ಇರಲಿ. ರಾ ಫೈಲ್‌ಗಳು ಹಾರ್ಡ್‌ಡಿಸ್ಕ್‌ನಲ್ಲಿದ್ದರೂ ಕೆಲಸ ನಡೆಯುತ್ತದೆ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ನೀವು ಬದಲಿಸದಿದ್ದರೆ ಕ್ಯಾಟಲಾಗ್ ಕೂರೋದು ಸಿ ಡ್ರೈವ್‌ನ ಪಿಕ್ಚರ್ಸ್ ಫೋಲ್ಡರ್‌ನಲ್ಲಿ. 'ಫೋಟೋ ಎಲ್ಲ ಡಿ ಯಲ್ಲಿದೆ, ಸಿ ಫಾರ್ಮ್ಯಾಟ್ ಮಾಡಿ' ಅಂತ ಸರ್ವಿಸ್‌ನವರಿಗೆ ಹೇಳಿದರೆ ಫೋಟೋ ಉಳಿಯುತ್ತದೆ, ಎಡಿಟಿಂಗ್ ಹೋಗುತ್ತದೆ. ಹತ್ತು ಮದುವೆಯ ಕಲರ್ ಕರೆಕ್ಷನ್ ಮತ್ತೆ ಮೊದಲಿನಿಂದ ಮಾಡಬೇಕು. ಫಾರ್ಮ್ಯಾಟ್‌ಗೆ ಕೊಡುವ ಮುನ್ನ ಎಡಿಟ್ ಮೆನುವಿನ ಕ್ಯಾಟಲಾಗ್ ಸೆಟ್ಟಿಂಗ್ಸ್ ತೆರೆದು ಅದು ಎಲ್ಲಿದೆ ಅಂತ ನೋಡಿಕೊಳ್ಳಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳೂ ಸಿ ಯಲ್ಲೇ ಇರುತ್ತವೆ ಅನ್ನೋದನ್ನು ಮರೆಯಬೇಡಿ.

ಕ್ಯಾಟಲಾಗ್ ಬೇರೆ ಡ್ರೈವ್‌ಗೆ ಒಯ್ಯಬೇಕಾದರೆ ಲೈಟ್‌ರೂಮ್ ಮುಚ್ಚಿ, ಇಡೀ ಫೋಲ್ಡರ್ ಕಾಪಿ ಮಾಡಿ, ಹೊಸ ಜಾಗದ ಕ್ಯಾಟಲಾಗ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆಯಿರಿ. ಎಲ್ಲ ಸರಿ ಇದೆ ಅಂತ ನೋಡಿದ ಮೇಲೆ ಹಳೇದನ್ನು ತೆಗೆಯಿರಿ. ಫೋಟೋಗಳನ್ನು ಜಾಗ ಬದಲಿಸುವಾಗ ಮಾತ್ರ ಲೈಟ್‌ರೂಮ್ ಒಳಗಿನ ಫೋಲ್ಡರ್ಸ್ ಪಟ್ಟಿಯಿಂದಲೇ ಎಳೆದು ಹಾಕಿ. ಹೊರಗಿನಿಂದ ಒಯ್ದರೆ ಫೋಲ್ಡರ್ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಫೋಟೋ ಹೋಗಿರಲ್ಲ, ಎಲ್ಲಿದೆ ಅಂತ ಮತ್ತೆ ತೋರಿಸಿಕೊಡಬೇಕು ಅಷ್ಟೇ.

ಯಾವ ಸಿಸ್ಟಂಗೆ ಯಾವ ಹಂಚಿಕೆ?

1. ಒಂದೇ ಹಾರ್ಡ್‌ಡಿಸ್ಕ್ ಇದ್ದರೆ: ಎರಡು ಪಾರ್ಟಿಷನ್ ಸಾಕು. ಸಿ ಗೆ ಧಾರಾಳವಾಗಿ ಜಾಗ ಕೊಡಿ, 1 ಟಿಬಿ ಡಿಸ್ಕ್‌ನಲ್ಲಿ 250 ಜಿಬಿಯಾದರೂ ಇರಲಿ. ಉಳಿದದ್ದು ಡಿ, ಅದರಲ್ಲಿ ಫೋಟೋ. ಸ್ಕ್ರ್ಯಾಚ್‌ಗೆ ಅಂತಲೇ ಮೂರನೇ ಪಾರ್ಟಿಷನ್ ಮಾಡಬೇಡಿ. ದುಡ್ಡು ಕೈಗೆ ಬಂದಾಗ ಮೊದಲು ಕೊಳ್ಳಬೇಕಾದ್ದು ಎಸ್‌ಎಸ್‌ಡಿ.

2. ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್‌ಡಿಸ್ಕ್ ಇದ್ದರೆ: ಹೆಚ್ಚಿನ ಸ್ಟುಡಿಯೋಗಳಿಗೆ ಇದು ಸಾಕಾಗುವ ಜೋಡಿ. ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಸಾಫ್ಟ್‌ವೇರ್, ಸ್ಕ್ರ್ಯಾಚ್, ಕ್ಯಾಟಲಾಗ್, ಜಾಗ ಇದ್ದರೆ ಈಗ ನಡೆಯುತ್ತಿರುವ ಒಂದೆರಡು ಮದುವೆಯ ಫೋಟೋ. ಹಾರ್ಡ್‌ಡಿಸ್ಕ್‌ನಲ್ಲಿ ಮುಗಿದ ಕೆಲಸ. ಎಸ್‌ಎಸ್‌ಡಿ 500 ಜಿಬಿ ಅಥವಾ ಅದಕ್ಕಿಂತ ಚಿಕ್ಕದಾದರೆ ತುಂಡು ಮಾಡದೆ ಒಂದೇ ಡ್ರೈವ್ ಆಗಿ ಬಿಡಿ. ಸ್ಕ್ರ್ಯಾಚ್ ಬೇರೆ ಡಿಸ್ಕ್‌ನಲ್ಲೇ ಇರಬೇಕು ಅನ್ನೋ ಹಳೇ ಮಾತು ಹಾರ್ಡ್‌ಡಿಸ್ಕ್‌ಗೆ ಹೇಳಿದ್ದು. ಎಸ್‌ಎಸ್‌ಡಿ ಬಿಟ್ಟು ಹಾರ್ಡ್‌ಡಿಸ್ಕ್‌ಗೆ ಸ್ಕ್ರ್ಯಾಚ್ ಹಾಕಿದರೆ ಇನ್ನೂ ನಿಧಾನ ಆಗುತ್ತದೆ.

3. ಎರಡು ಎಸ್‌ಎಸ್‌ಡಿ, ಒಂದು ಹಾರ್ಡ್‌ಡಿಸ್ಕ್ ಇದ್ದರೆ: ಮೊದಲ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಮತ್ತು ಸಾಫ್ಟ್‌ವೇರ್. ಎರಡನೇದರಲ್ಲಿ ಸ್ಕ್ರ್ಯಾಚ್, ಕ್ಯಾಶೆ, ನಡೆಯುತ್ತಿರುವ ಕೆಲಸ. ವಿಡಿಯೋ ಎಡಿಟಿಂಗ್ ಕೂಡ ಮಾಡುವವರಿಗೆ ಇದು ಒಳ್ಳೆಯದು. ಹಾರ್ಡ್‌ಡಿಸ್ಕ್‌ನಲ್ಲಿ ಹಳೇ ಕೆಲಸ.

4. ಲ್ಯಾಪ್‌ಟಾಪ್‌ನಲ್ಲಿ ಒಂದೇ ಎಸ್‌ಎಸ್‌ಡಿ ಇದ್ದರೆ: ಹಾಗೇ ಇರಲಿ. ನಡೆಯುತ್ತಿರುವ ಕೆಲಸವನ್ನು ಯುಎಸ್‌ಬಿ 3 ಪೋರ್ಟ್‌ಗೆ ಹಾಕಿದ ಹೊರಗಿನ ಎಸ್‌ಎಸ್‌ಡಿಯಲ್ಲಿ ಇಟ್ಟುಕೊಳ್ಳಬಹುದು.

ಪಾರ್ಟಿಷನ್ ಮಾಡಲೇಬೇಕು ಅನ್ನುವವರಿಗೂ ಒಂದು ಒಳ್ಳೆ ಕಾರಣ ಇದೆ. ವಿಂಡೋಸ್ ಕೆಟ್ಟು ಮತ್ತೆ ಹಾಕಬೇಕಾದಾಗ ಡಿ ಯಲ್ಲಿನ ಫೈಲ್ ಮುಟ್ಟದೆ ಸಿ ಒಂದನ್ನೇ ಅಳಿಸಬಹುದು. ಆ ಅನುಕೂಲಕ್ಕೆ ಮಾಡಿ, ವೇಗಕ್ಕೆ ಅಂತ ಮಾಡಬೇಡಿ.

ಪಾರ್ಟಿಷನ್ ಮಾಡೋದು ಹೇಗೆ?

ಬೇರೆ ಸಾಫ್ಟ್‌ವೇರ್ ಬೇಕಿಲ್ಲ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ದೊಡ್ಡ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ 'ಶ್ರಿಂಕ್ ವಾಲ್ಯೂಮ್' ಒತ್ತಿದರೆ ಅದು ಕುಗ್ಗುತ್ತದೆ, ಖಾಲಿಯಾದ ಜಾಗ ಕಪ್ಪು ಪಟ್ಟಿಯಲ್ಲಿ ಕಾಣುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ನ್ಯೂ ಸಿಂಪಲ್ ವಾಲ್ಯೂಮ್' ಕೊಡಿ. ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್ ಇರಲಿ. ಫ್ಯಾಟ್32 ಬೇಡ, ಅದರಲ್ಲಿ 4 ಜಿಬಿ ಮೀರಿದ ಫೈಲ್ ಕೂರಲ್ಲ.

ಸಿ ದೊಡ್ಡದು ಮಾಡೋಕೆ 'ಎಕ್ಸ್‌ಟೆಂಡ್ ವಾಲ್ಯೂಮ್' ಇದೆ. ಆದರೆ ಖಾಲಿ ಜಾಗ ಅದರ ಬಲಕ್ಕೆ ತಾಗಿಕೊಂಡೇ ಇರಬೇಕು. ಡಿ ಕುಗ್ಗಿಸಿದರೆ ಖಾಲಿ ಜಾಗ ಡಿ ಯ ಆ ಕಡೆ ಬರುತ್ತದೆ, ಸಿ ಗೆ ಸಿಗಲ್ಲ. ಅನೇಕರು ಇಲ್ಲಿ ಸಿಕ್ಕಿಕೊಂಡು 'ಡಿಲೀಟ್ ವಾಲ್ಯೂಮ್' ಒತ್ತಿಬಿಡುತ್ತಾರೆ. ಒತ್ತಿದರೆ ಆ ಡ್ರೈವ್‌ನ ಫೈಲ್ ಎಲ್ಲ ಹೋಯ್ತು. ಹಾರ್ಡ್‌ಡಿಸ್ಕ್ ಆದರೆ ರಿಕವರಿಯಲ್ಲಿ ಸಿಗುವ ಆಸೆ ಇಟ್ಟುಕೊಳ್ಳಬಹುದು. ಎಸ್‌ಎಸ್‌ಡಿ ಅಳಿಸಿದ ಜಾಗವನ್ನು ತಾನಾಗೇ ಸ್ವಚ್ಛ ಮಾಡಿಕೊಳ್ಳುವುದರಿಂದ ಅದರಲ್ಲಿ ಆ ಆಸೆಯೂ ಕಡಿಮೆ.

ಹೊಸ ಡಿಸ್ಕ್ ಹಾಕಿದಾಗ 'ಇನಿಷಿಯಲೈಸ್' ಅಂತ ಕೇಳಿ ಎಂಬಿಆರ್, ಜಿಪಿಟಿ ಅಂತ ಎರಡು ಆಯ್ಕೆ ಕೊಡುತ್ತದೆ. ಜಿಪಿಟಿ ಆರಿಸಿ. ಎಂಬಿಆರ್‌ನಲ್ಲಿ 2 ಟಿಬಿ ಮೇಲಿನ ಜಾಗ ಬಳಸೋಕೆ ಆಗಲ್ಲ. 4 ಟಿಬಿ ಡಿಸ್ಕ್ ತಂದು ಅರ್ಧ ಮಾತ್ರ ಕಾಣಿಸುತ್ತಿದೆ ಅನ್ನುವವರ ತೊಂದರೆ ಸಾಮಾನ್ಯವಾಗಿ ಇದೇ.

ಆದರೆ ಫೋಟೋ ತುಂಬಿರುವ ಹಳೇ ಡಿಸ್ಕ್ ಹಾಕಿದಾಗ 'ಇನಿಷಿಯಲೈಸ್ ಮಾಡಿ' ಅಥವಾ 'ಫಾರ್ಮ್ಯಾಟ್ ಮಾಡಿ' ಅಂತ ಕೇಳಿದರೆ ಕೈ ಹಿಂದಕ್ಕೆ ತಗೊಳ್ಳಿ. ಕ್ಯಾನ್ಸಲ್ ಒತ್ತಿ. ಕೇಬಲ್ ಬದಲಿಸಿ, ಬೇರೆ ಸಿಸ್ಟಂಗೆ ಹಾಕಿ ನೋಡಿ. ಆದರೂ ಬರದಿದ್ದರೆ ಗೊತ್ತಿರುವವರಿಗೆ ತೋರಿಸಿ. ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರಂತೂ ಪದೇ ಪದೇ ಆನ್ ಮಾಡಿ ನೋಡಬೇಡಿ.

ಪಾರ್ಟಿಷನ್ ಕುಗ್ಗಿಸುವಾಗ, ಹಿಗ್ಗಿಸುವಾಗ ಕರೆಂಟ್ ಹೋದರೆ ಡೇಟಾ ಹಾಳಾಗುವ ಭಯ ಇದೆ. ಯುಪಿಎಸ್ ಬ್ಯಾಟರಿ ಸರಿ ಇಲ್ಲದ ಸಿಸ್ಟಂನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಎಲ್ಲಕ್ಕಿಂತ ಮೊದಲು ಫೋಟೋಗಳ ಇನ್ನೊಂದು ಕಾಪಿ ಹೊರಗಿನ ಡಿಸ್ಕ್‌ನಲ್ಲಿ ಇರಲೇಬೇಕು.

ಇ ಡ್ರೈವ್‌ನಲ್ಲಿರೋದು ಬ್ಯಾಕಪ್ ಅಲ್ಲ

ಮೊದಲು ಹೇಳಿದ ಮಾತಿಗೆ ಈಗ ಬರೋಣ. ಪಾರ್ಟಿಷನ್ ಬೇರೆಯಾದರೂ ಮೋಟಾರ್ ಒಂದೇ, ತೋಳು ಒಂದೇ, ಸರ್ಕ್ಯೂಟ್ ಬೋರ್ಡ್ ಒಂದೇ. ಅದರಲ್ಲಿ ಯಾವುದು ಸುಟ್ಟರೂ, ಯಾವುದು ನಿಂತರೂ ಸಿ, ಡಿ, ಇ ಒಟ್ಟಿಗೇ ಹೋಗುತ್ತವೆ. ಒಂದೇ ಮನೆಯ ಎರಡು ಕೋಣೆಯಲ್ಲಿ ದುಡ್ಡು ಇಟ್ಟು, ಮನೆಗೇ ಬೆಂಕಿ ಬಿದ್ದಂತೆ.

ಆಲ್ಬಂ ಡಿಸೈನ್ ಹೋದರೆ ಮತ್ತೆ ಕೂತು ಮಾಡಬಹುದು. ತಾಳಿ ಕಟ್ಟುವ ಕ್ಷಣ, ಅಕ್ಕಿಕಾಳು ಬೀಳುವಾಗ ಅಜ್ಜಿಯ ಮುಖ ಮತ್ತೆ ತೆಗೆಯೋಕೆ ಬರಲ್ಲ. ಆ ಅಜ್ಜಿ ಮುಂದಿನ ವರ್ಷ ಇಲ್ಲದೇ ಹೋದರೆ ಆ ಮನೆಯವರಿಗೆ ಉಳಿಯೋದು ಆ ಫೋಟೋ ಒಂದೇ. ಅಡ್ವಾನ್ಸ್ ವಾಪಸ್ ಕೊಟ್ಟರೆ ಅದು ಮುಗಿಯುವ ಲೆಕ್ಕ ಅಲ್ಲ. ಸಣ್ಣ ಊರಲ್ಲಿ ಒಂದು ಮದುವೆ ಫೋಟೋ ಕಳೆದ ಸುದ್ದಿ ಹಬ್ಬಿದರೆ ಸ್ಟುಡಿಯೋ ಬಾಗಿಲು ಹಾಕುವ ಸ್ಥಿತಿಯೂ ಬರಬಹುದು.

ಫೋಟೋಗ್ರಾಫರ್‌ಗಳ ನಡುವೆ 3-2-1 ಅನ್ನೋ ನಿಯಮ ಇದೆ. ಇದನ್ನು ಬಳಕೆಗೆ ತಂದವರು ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋ. ಮೂರು ಕಾಪಿ ಇರಬೇಕು, ಎರಡು ಬೇರೆ ಬೇರೆ ಸಾಧನದಲ್ಲಿ ಇರಬೇಕು, ಒಂದು ಬೇರೆ ಜಾಗದಲ್ಲಿ ಇರಬೇಕು. ನಮ್ಮ ಸ್ಟುಡಿಯೋಗಳಿಗೆ ಇದು ಹೀಗೆ ಹೊಂದುತ್ತದೆ: ಒಂದು ಕಾಪಿ ಸಿಸ್ಟಂನಲ್ಲಿ, ಒಂದು ಸ್ಟುಡಿಯೋದ ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಮಾಲೀಕರ ಮನೆಯ ಬೀರುವಿನಲ್ಲಿ ಅಥವಾ ಕ್ಲೌಡ್‌ನಲ್ಲಿ. ಎರಡೂ ಹಾರ್ಡ್‌ಡಿಸ್ಕ್ ಸ್ಟುಡಿಯೋದಲ್ಲೇ ಇದ್ದರೆ ಕಳ್ಳತನ, ಬೆಂಕಿ, ಮಳೆ ನೀರು ಮೂರಕ್ಕೂ ಒಟ್ಟಿಗೇ ಸಿಗುತ್ತವೆ. ಬ್ಯಾಕಪ್ ಡಿಸ್ಕ್ ಯಾವಾಗಲೂ ಸಿಸ್ಟಂಗೆ ಚುಚ್ಚಿಯೇ ಇರಬಾರದು. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದರೆ ಚುಚ್ಚಿರುವ ಡಿಸ್ಕನ್ನೂ ಬಿಡಲ್ಲ.

ಟೈಮ್ ಎಲ್ಲಿದೆ ಅನ್ನುವವರಿಗೆ ಒಂದು ಲೆಕ್ಕ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ 25 ಎಂಬಿ ಅಂತ ಹಿಡಿದರೆ 3,000 ಫೋಟೋಗೆ 75 ಜಿಬಿ. ಹಳೇ ಯುಎಸ್‌ಬಿ 2 ಪೋರ್ಟ್‌ನಲ್ಲಿ ಸೆಕೆಂಡಿಗೆ 35 ಎಂಬಿ ಹೋದರೆ ಕಾಪಿ ಆಗೋಕೆ 36 ನಿಮಿಷ. ಯುಎಸ್‌ಬಿ 3ರಲ್ಲಿ ಸೆಕೆಂಡಿಗೆ 120 ಎಂಬಿ ಸಿಕ್ಕರೂ ಹತ್ತೂವರೆ ನಿಮಿಷದಲ್ಲಿ ಮುಗಿಯುತ್ತದೆ. ಮದುವೆ ಮುಗಿಸಿ ಬಂದವರು ಕಾಪಿಗೆ ಹಾಕಿ ಊಟ ಮಾಡಿ ಬರುವಷ್ಟರಲ್ಲಿ ಕೆಲಸ ಆಗಿರುತ್ತದೆ. ಎರಡು ಕಡೆ ಕಾಪಿ ಆಗಿ, ನಾಲ್ಕಾರು ಫೋಟೋ ತೆರೆದು ನೋಡುವ ತನಕ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ವರ್ಷಗಟ್ಟಲೆ ಎತ್ತಿಡುವ ಫೋಟೋಗಳಿಗೆ ಎಸ್‌ಎಸ್‌ಡಿಗಿಂತ ಹಾರ್ಡ್‌ಡಿಸ್ಕ್ ವಾಸಿ. ಎಸ್‌ಎಸ್‌ಡಿಯನ್ನು ಕರೆಂಟ್ ಕೊಡದೆ ಬಹಳ ಕಾಲ ಇಟ್ಟರೆ ಡೇಟಾ ಉಳಿಯುವ ಭರವಸೆ ಕಡಿಮೆ. ಹಾರ್ಡ್‌ಡಿಸ್ಕನ್ನೂ ವರ್ಷಕ್ಕೆ ಒಂದೆರಡು ಸಲ ಹಾಕಿ, ಫೈಲ್ ತೆರೆದು ನೋಡುತ್ತಿರಬೇಕು.

ಆಷಾಢದಲ್ಲಿ ಮಾಡಿ ಮುಗಿಸಿ

ಸೀಸನ್ ನಡುವೆ ಡಿಸ್ಕ್ ಬದಲಿಸೋದು, ಪಾರ್ಟಿಷನ್ ಮಾಡೋದು, ವಿಂಡೋಸ್ ಹಾಕಿಸೋದು ಬೇಡ. ಆಷಾಢದಲ್ಲಿ ನಮ್ಮ ಕಡೆ ಮದುವೆ ಇರಲ್ಲ, ಸ್ಟುಡಿಯೋಗಳಿಗೂ ಬಿಡುವು. ಈ ಕೆಲಸಕ್ಕೆ ಅದೇ ಸರಿಯಾದ ತಿಂಗಳು. ಕ್ರಮ ಹೀಗಿರಲಿ: ಮೊದಲು ಎಲ್ಲ ಫೋಟೋ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಕ್ಯಾಟಲಾಗ್ ಎಲ್ಲಿದೆ ಅಂತ ನೋಡಿ ಅದನ್ನೂ ಕಾಪಿ ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಷ್ಟು ಡಿಸ್ಕ್ ಇವೆ ಅಂತ ಎಣಿಸಿ. ಎಫಿಶಿಯೆನ್ಸಿ ನೋಡಿ ರ್‍ಯಾಮ್ ಬೇಕಾ ಅಂತ ತೀರ್ಮಾನಿಸಿ. ಆಮೇಲೆ ಬೇಕಿದ್ದರೆ ಎಸ್‌ಎಸ್‌ಡಿ ಕೊಳ್ಳಿ. ಪಾರ್ಟಿಷನ್ ಎಲ್ಲಕ್ಕಿಂತ ಕೊನೆಗೆ.

ಅಂಗಡಿಯವರು 'ನಾಲ್ಕು ಪಾರ್ಟಿಷನ್ ಹಾಕಿ ಕೊಡ್ಲಾ?' ಅಂತ ಕೇಳಿದರೆ ತಿರುಗಿ ಕೇಳಬೇಕಾದ್ದು ಇಷ್ಟೇ: ಒಳಗೆ ಡಿಸ್ಕ್ ಎಷ್ಟದಾವ್ರಿ?